ತಡೆಯುವ ಹಕ್ಕು ಯಾರಿಗಿದೆ? ಸಿಗ್ನಲ್ ಮತ್ತು ಈವೆಂಟ್‌ಗಳ ನಡುವಣ ಆಯ್ಕೆ

(ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಕಿಟಕಿ, ಗುಂಡಿಗಳಿರುವ ತಂತ್ರಾಂಶ ಕಟ್ಟಲು ಬಳಸುವ ಕ್ಯೂಟ್ (Qt) ಚೌಕಟ್ಟಿನಲ್ಲಿ ಬರೆಯಲು ಕುಳಿತ ಹೊಸಬರು ಬಹುಬೇಗ ಕೇಳುವ ಪ್ರಶ್ನೆಯೊಂದಿದೆ. ಪರದೆಯ ಮೇಲೆ ಏನೋ ನಡೆಯಿತು. ಅದನ್ನು ನನ್ನ ಪ್ರೋಗ್ರಾಂ ಸಿಗ್ನಲ್ ಮೂಲಕ ತಿಳಿದುಕೊಳ್ಳಬೇಕೋ, ಈವೆಂಟ್ ಮೂಲಕವೋ? ಸಿಗ್ನಲ್ ಎಂದರೆ ‘ಹೀಗಾಯಿತು’ ಎಂದು ಕೇಳುವವರಿಗೆಲ್ಲ ಸಾರುವುದು; ಈವೆಂಟ್ ಎಂದರೆ ಒಂದು ಆಬ್ಜೆಕ್ಟ್‌ನ ವಿಳಾಸಕ್ಕೆ ಕಳಿಸಿದ ಸುದ್ದಿ. ಎರಡರಿಂದಲೂ ಕೆಲಸ ನಡೆದುಹೋಗುತ್ತದೆ, ತೊಂದರೆ ಇರುವುದೇ ಅಲ್ಲಿ. ಒಂದರಿಂದ ಆಗದೆ ಹೋಗಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ. (ನಮ್ಮಲ್ಲಿ ಹೆಚ್ಚಿನವರು ಇದನ್ನು ಕ್ಯೂ-ಟಿ ಎಂದು ಬಿಡಿಸಿ ಹೇಳುತ್ತಾರೆ. ಅದಕ್ಕೆ ಕಂಪೈಲರ್ ಮುನಿಸಿಕೊಳ್ಳುವುದಿಲ್ಲ, ನಾನೂ ಇಲ್ಲ.)

ಇತಿಹಾಸಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. ನಾರ್ವೆಯ ಇಬ್ಬರು ಎಂಜಿನಿಯರ್‌ಗಳು ಕಟ್ಟಿದ ಈ ಚೌಕಟ್ಟು 1995ರಲ್ಲಿ ಸಾರ್ವಜನಿಕರ ಕೈಗೆ ಬಂತು. ಮರುವರ್ಷ ಶುರುವಾದ, ಡೆಸ್ಕ್‌ಟಾಪ್ ಪರಿಸರ ಕಟ್ಟುವ ಕೆಡಿಇ ಯೋಜನೆ ಇದನ್ನೇ ಆಧಾರವಾಗಿ ಹಿಡಿಯಿತು. ಮೌಸ್, ಕೀಲಿಮಣೆಗಳ ಈವೆಂಟ್‌ಗಳು ಬೇರೆ ವ್ಯವಸ್ಥೆಗಳಲ್ಲೂ ಇದ್ದವು. ಸಿಗ್ನಲ್-ಸ್ಲಾಟ್ ಜೋಡಿ ಮಾತ್ರ ಕ್ಯೂಟ್‌ನ ಗುರುತಾಯಿತು. (ಸ್ಲಾಟ್ ಎಂದರೆ ಸಿಗ್ನಲ್‌ಗೆ ಜೋಡಿಸಿಟ್ಟ ಫಂಕ್ಷನ್; ಸಿಗ್ನಲ್ ಹೊರಟಾಗ ಅದು ನಡೆಯುತ್ತದೆ.)

ಶಿಡ್ಲಘಟ್ಟ ಇಲ್ಲಿಂದ ದೂರವಿಲ್ಲ, ಆದ್ದರಿಂದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನೇ ಉದಾಹರಣೆಗೆ ಹಿಡಿಯುತ್ತೇನೆ. ರೈತರು ಗೂಡು ತರುತ್ತಾರೆ, ಲಾಟ್ ಸಂಖ್ಯೆ ಸಿಗುತ್ತದೆ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಗೂಡು ನೋಡಿ ಹರಾಜಿನಲ್ಲಿ ದರ ಹೇಳುತ್ತಾರೆ, ದರ ನಿಂತ ಮೇಲೆ ತೂಕ. ಆ ತೂಕದ ಮೇಜಿಗೆ ನಾವೊಂದು ತಂತ್ರಾಂಶ ಬರೆಯುತ್ತಿದ್ದೇವೆ ಎಂದುಕೊಳ್ಳಿ. ಎಲೆಕ್ಟ್ರಾನಿಕ್ ತಕ್ಕಡಿ, ಲಾಟ್ ಚೀಟಿ ಓದುವ ಬಾರ್‌ಕೋಡ್ ಸ್ಕ್ಯಾನರ್, ಗುಮಾಸ್ತರ ಮುಂದೊಂದು ಪರದೆ, ರೈತರ ಕಡೆಗೆ ತಿರುಗಿಸಿದ ಇನ್ನೊಂದು ಪರದೆ. ಇಷ್ಟೇ ಸಾಮಾನು.

ಗುಮಾಸ್ತರ ಪರದೆಯಲ್ಲಿ ‘ಉಳಿಸು’ ಎಂಬ ಗುಂಡಿಯಿದೆ. ಅದನ್ನು ಒತ್ತಿದ್ದು ತಿಳಿಯಲು ಮೌಸ್‌ಪ್ರೆಸ್‌ಈವೆಂಟ್ ಫಂಕ್ಷನ್ನನ್ನು ಹೊಸದಾಗಿ ಬರೆಯುವವರಿದ್ದಾರೆ. ಪರೀಕ್ಷೆಗೆ ಮೌಸ್ ಒತ್ತಿ ನೋಡುತ್ತಾರೆ, ಕೆಲಸ ಮಾಡುತ್ತದೆ. ಕೀಲಿಮಣೆ ಬಿಟ್ಟು ಕೈ ಎತ್ತದ ಗುಮಾಸ್ತರು ಟ್ಯಾಬ್ ಒತ್ತಿ ಗುಂಡಿಗೆ ಬಂದು ಸ್ಪೇಸ್ ಒತ್ತಿದಾಗ ಏನೂ ಆಗುವುದಿಲ್ಲ. ಇನ್ನೊಬ್ಬರು ಮೌಸ್ ಒತ್ತಿದ ಮೇಲೆ ಮನಸ್ಸು ಬದಲಿಸಿ, ಬೆರಳು ಎತ್ತುವ ಮುನ್ನ ಗುಂಡಿಯಿಂದ ಆಚೆ ಎಳೆಯುತ್ತಾರೆ; ಅಷ್ಟರಲ್ಲಿ ದಾಖಲೆ ಉಳಿದುಬಿಟ್ಟಿರುತ್ತದೆ. ಕ್ಲಿಕ್ಡ್ ಎಂಬ ಸಿಗ್ನಲ್ ಇದೆಲ್ಲವನ್ನೂ ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿದೆ: ಮೌಸ್ ಆಗಲಿ, ಸ್ಪೇಸ್ ಆಗಲಿ, ಶಾರ್ಟ್‌ಕಟ್ ಆಗಲಿ, ಒತ್ತುವಿಕೆ ಪೂರ್ಣವಾದಾಗ ಮಾತ್ರ ಹೊರಡುತ್ತದೆ.

ಅಧಿಕೃತ ದಸ್ತಾವೇಜು ಹೇಳುವುದೂ ಇದನ್ನೇ. ವಿಜೆಟ್ (ಗುಂಡಿ, ಖಾನೆಯಂಥ ಪರದೆಯ ಭಾಗ) ಬಳಸುವವರಿಗೆ ಸಿಗ್ನಲ್, ವಿಜೆಟ್ ಕಟ್ಟುವವರಿಗೆ ಈವೆಂಟ್. ಒಳ್ಳೆಯ ಸೂತ್ರ, ಆದರೆ ನನಗೆ ಸಾಲದು. ಕಟ್ಟುವುದು ಎಲ್ಲಿ ಮುಗಿಯಿತು, ಬಳಸುವುದು ಎಲ್ಲಿ ಶುರುವಾಯಿತು ಎಂಬುದು ದೊಡ್ಡ ಪ್ರೋಗ್ರಾಂನಲ್ಲಿ ಮಸುಕಾಗಿಬಿಡುತ್ತದೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಸುದ್ದಿ ಪಡೆಯುವವರಿಗೆ ಅದನ್ನು ತಡೆಯುವ ಹಕ್ಕು ಇರಬೇಕೇ?

ತೂಕದ ಮೇಜಿಗೇ ಬನ್ನಿ. ಗೂಡು ತಕ್ಕಡಿಯ ಮೇಲಿದೆ, ತೂಕ ಇನ್ನೂ ಉಳಿಸಿಲ್ಲ, ಯಾರೋ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಒತ್ತಿಬಿಟ್ಟರು. ಈಗ ಬರುವುದು ಕ್ಲೋಸ್‌ಈವೆಂಟ್. ಅದರಲ್ಲಿ ಇಗ್ನೋರ್ ಎಂದು ಕರೆದರೆ ಕಿಟಕಿ ಮುಚ್ಚುವುದಿಲ್ಲ. ಒಂದೇ ಸಾಲಿನ ಕೆಲಸ. ಇದನ್ನೇ ಸಿಗ್ನಲ್‌ನಲ್ಲಿ ಮಾಡಲು ಹೊರಟವರ ಕೋಡ್ ಹೇಗಿರುತ್ತದೆ ನೋಡಿ. ‘ಮುಚ್ಚಲಿದ್ದೇನೆ’ ಎಂಬ ಸಿಗ್ನಲ್, ಅದರ ಜೊತೆಗೆ ಹೌದು-ಇಲ್ಲ ಬರೆದು ಕಳಿಸಲು ಮೆಮೊರಿಯ ಜಾಗವೊಂದನ್ನು ತೋರಿಸುವ ಪಾಯಿಂಟರ್. ತಕ್ಕಡಿಯ ಭಾಗ ‘ಬೇಡ’ ಎಂದು ಬರೆಯುತ್ತದೆ. ಅದರ ನಂತರ ಜೋಡಣೆಯಾದ ಮುದ್ರಣದ ಭಾಗ ‘ನನ್ನದೇನೂ ಅಭ್ಯಂತರವಿಲ್ಲ’ ಎಂದು ಅದರ ಮೇಲೆಯೇ ಬರೆಯುತ್ತದೆ. ಸ್ಲಾಟ್‌ಗಳು ಜೋಡಿಸಿದ ಕ್ರಮದಲ್ಲೇ ನಡೆಯುವುದರಿಂದ ಕೊನೆಯವರ ಮಾತೇ ಗೆಲ್ಲುತ್ತದೆ. ಇನ್ನು ಕೇಳುವ ಭಾಗ ಬೇರೆ ಥ್ರೆಡ್‌ನಲ್ಲಿ (ಜೊತೆಜೊತೆಗೇ ನಡೆಯುವ ಇನ್ನೊಂದು ಎಳೆಯಲ್ಲಿ) ಇದ್ದರಂತೂ, ಅದರ ಸರದಿ ಬರುವ ಹೊತ್ತಿಗೆ ಪಾಯಿಂಟರ್ ತೋರಿಸುತ್ತಿದ್ದ ಜಾಗವೇ ಇರುವುದಿಲ್ಲ. ಸಿಗ್ನಲ್ ಕಳಿಸಿದವರಿಗೆ ಕೇಳುವವರು ಯಾರು, ಎಷ್ಟು ಜನ ಎಂಬುದು ಗೊತ್ತಿಲ್ಲ, ಗೊತ್ತಿರಲೂಬಾರದು. ಗೊತ್ತಿಲ್ಲದವರಿಂದ ಒಪ್ಪಿಗೆ ಪಡೆಯುವುದು ಹೇಗೆ?

ಈವೆಂಟ್ ಹಾಗಲ್ಲ. ಅದಕ್ಕೆ ಒಂದು ವಿಳಾಸವಿದೆ, ದಾರಿಯಿದೆ. ಮೊದಲು ಇಡೀ ಅಪ್ಲಿಕೇಶನ್‌ಗೆ ಕೂರಿಸಿದ ಫಿಲ್ಟರ್‌ಗಳು (ಈವೆಂಟನ್ನು ದಾರಿಯಲ್ಲೇ ನೋಡಿ ತಡೆಯಬಲ್ಲ ಕಾವಲುಗಾರರು), ನಂತರ ಆ ಆಬ್ಜೆಕ್ಟ್‌ಗೆ ಕೂರಿಸಿದವು, ಬಳಿಕ ಅದರದೇ ಈವೆಂಟ್ ಫಂಕ್ಷನ್. ದಾರಿಯಲ್ಲಿ ಯಾವ ಫಿಲ್ಟರ್ ‘ನಿಜ’ ಎಂದು ಹಿಂದಿರುಗಿಸಿದರೂ ಪ್ರಯಾಣ ಅಲ್ಲಿಗೇ ಮುಗಿಯಿತು. ಮೌಸ್ ಅಥವಾ ಕೀಲಿಯ ಈವೆಂಟನ್ನು ವಿಜೆಟ್ ಒಪ್ಪದಿದ್ದರೆ ಅದರ ಪೋಷಕ ವಿಜೆಟ್‌ಗೆ ಹೋಗುತ್ತದೆ.

ಈ ದಾರಿಯ ಬೆಲೆ ತಿಳಿಯುವುದು ಬಾರ್‌ಕೋಡ್ ಸ್ಕ್ಯಾನರ್ ಸಿಕ್ಕಿಸಿದ ದಿನ. ಸಾಮಾನ್ಯ ಸ್ಕ್ಯಾನರ್‌ಗಳು ತಮ್ಮನ್ನು ಕೀಲಿಮಣೆ ಎಂದೇ ಪರಿಚಯಿಸಿಕೊಳ್ಳುತ್ತವೆ. ಅಂಕಿಗಳನ್ನು ಪಟಪಟನೆ ‘ಟೈಪ್’ ಮಾಡಿ ಕೊನೆಗೊಂದು ಎಂಟರ್ ಒತ್ತುತ್ತವೆ. ಕರ್ಸರ್ ದರದ ಖಾನೆಯಲ್ಲಿದ್ದರೆ ಲಾಟ್ ಸಂಖ್ಯೆ ದರದ ಖಾನೆಗೇ ಸುರಿಯುತ್ತದೆ. ಕೊನೆಯ ಎಂಟರ್ ಹೋಗಿ ‘ಉಳಿಸು’ ಗುಂಡಿಯನ್ನು ಒತ್ತಿಬಿಟ್ಟರೆ ಕಿಲೋ ಗೂಡಿಗೆ ಲಕ್ಷಾಂತರ ರೂಪಾಯಿ! ರೈತರಿಗೆ ಖುಷಿ, ರೀಲರ್‌ಗೆ ಎದೆಯೊಡೆತ. ಇಲ್ಲಿ ಟೆಕ್ಸ್ಟ್‌ಚೇಂಜ್ಡ್ ಸಿಗ್ನಲ್ ಹಿಡಿದು ಕುಳಿತರೆ ಪ್ರಯೋಜನವಿಲ್ಲ. ಅದು ಬರುವ ಹೊತ್ತಿಗೆ ಅಂಕಿ ಖಾನೆಗೆ ಬಿದ್ದಾಗಿರುತ್ತದೆ. ಅಪ್ಲಿಕೇಶನ್ ಮಟ್ಟದಲ್ಲಿ ಈವೆಂಟ್ ಫಿಲ್ಟರ್ ಕೂರಿಸಿ, ಸ್ಕ್ಯಾನರ್ ತನ್ನ ಸಾಲಿನ ಮೊದಲಿಗೆ ಕಳಿಸುವಂತೆ ಹೊಂದಿಸಿದ ಗುರುತಿನ ಕೀಲಿ ಕಂಡ ಕೂಡಲೇ ಅಂಕಿಗಳನ್ನು ತಡೆದು ಪಕ್ಕಕ್ಕೆ ಕೂಡಿಸಿಕೊಳ್ಳಬೇಕು, ಎಂಟರನ್ನು ನುಂಗಬೇಕು.

ಪೂರ್ತಿ ಸಂಖ್ಯೆ ಸಿಕ್ಕ ಮೇಲೆ ಅದೇ ಫಿಲ್ಟರ್ ‘ಲಾಟ್ ಓದಲಾಗಿದೆ’ ಎಂಬ ಸಿಗ್ನಲ್ ಹೊರಡಿಸಲಿ. ಆಗ ಗುಮಾಸ್ತರ ಪರದೆ, ರೈತರ ಪರದೆ, ದಾಖಲೆಯ ಕಡತ ಎಲ್ಲವೂ ತಮ್ಮ ಪಾಡಿಗೆ ಕೇಳಿಸಿಕೊಳ್ಳುತ್ತವೆ. ನಾಳೆ ಎಸ್‌ಎಂಎಸ್ ಭಾಗ ಸೇರಿಸಿದರೆ ಫಿಲ್ಟರ್‌ನ ಒಂದಕ್ಷರವನ್ನೂ ಮುಟ್ಟಬೇಕಿಲ್ಲ. ಒಳಗೆ ಬರುವ ಕಡೆ ಈವೆಂಟ್, ಹೊರಗೆ ಸಾರುವ ಕಡೆ ಸಿಗ್ನಲ್: ಹೆಚ್ಚಿನ ಭಾಗಗಳು ಹೀಗೆ ಕಟ್ಟಿದರೆ ಗಟ್ಟಿಯಾಗಿ ನಿಲ್ಲುತ್ತವೆ.

ವೇಗದ ಪ್ರಶ್ನೆ ಯಾವಾಗಲೂ ಬರುತ್ತದೆ, ಬೇಗ ಮುಗಿಸುತ್ತೇನೆ. ಸ್ಲಾಟನ್ನು ನೇರವಾಗಿ ಕರೆಯುವುದಕ್ಕೆ ಹೋಲಿಸಿದರೆ ಸಿಗ್ನಲ್ ಸುಮಾರು 10 ಪಟ್ಟು ನಿಧಾನ ಎಂದು ದಸ್ತಾವೇಜೇ ಒಪ್ಪಿಕೊಳ್ಳುತ್ತದೆ. ಆ ಸ್ಲಾಟ್ ಒಂದು ಕಡತ ತೆರೆಯುವುದರಲ್ಲೇ ಈ ವ್ಯತ್ಯಾಸ ಕೊಚ್ಚಿಹೋಗುತ್ತದೆ. ಇದಕ್ಕಾಗಿ ವಿನ್ಯಾಸ ಕೆಡಿಸಿಕೊಳ್ಳಬೇಡಿ.

ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ್ದು ಸರದಿಯ ಬಗ್ಗೆ. ತಕ್ಕಡಿಯನ್ನು ಓದುವ ಭಾಗ ಬೇರೆ ಥ್ರೆಡ್‌ನಲ್ಲಿರುತ್ತದೆ. ಆಗ ಪೂರ್ವನಿಯೋಜಿತ ಜೋಡಣೆ ತಾನಾಗಿಯೇ ಸರದಿಯ (queued) ಮಾದರಿಗೆ ತಿರುಗುತ್ತದೆ: ಸಿಗ್ನಲ್‌ನ ಮೌಲ್ಯಗಳ ನಕಲು ಮಾಡಿ, ಈವೆಂಟ್ ಒಂದರಲ್ಲಿ ತುಂಬಿ, ಪರದೆಯ ಥ್ರೆಡ್‌ನ ಸರದಿಗೆ ಸೇರಿಸುತ್ತದೆ. ಹೌದು, ಒಳಗೆ ನೋಡಿದರೆ ಅದೂ ಈವೆಂಟೇ. ತಕ್ಕಡಿ ಸೆಕೆಂಡಿಗೆ ಹತ್ತಾರು ಸಲ ತೂಕ ಕಳಿಸುತ್ತದೆ, ಪ್ರತಿಯೊಂದೂ ಸರದಿಯಲ್ಲಿ ನಿಲ್ಲುತ್ತದೆ, ಯಾವುದೂ ಇನ್ನೊಂದರ ಜೊತೆ ವಿಲೀನವಾಗುವುದಿಲ್ಲ. ನಿಮ್ಮ ಸ್ಲಾಟ್ ಪ್ರತಿ ಸಲವೂ ರೀಪೇಂಟ್ ಕರೆದು ಪರದೆಯನ್ನು ಪೂರ್ತಿ ಬಿಡಿಸುತ್ತಾ ಕೂತರೆ ಗೂಡು ಇಳಿಸಿದ ಮೇಲೂ ಪರದೆ ಹಳೆಯ ತೂಕವನ್ನೇ ಓಡಿಸುತ್ತಿರುತ್ತದೆ. ಸ್ಲಾಟ್ ಸಂಖ್ಯೆಯನ್ನು ನೆನಪಿಟ್ಟುಕೊಂಡು ಅಪ್‌ಡೇಟ್ ಎಂದಷ್ಟೇ ಕರೆಯಲಿ. ಹತ್ತು ಅಪ್‌ಡೇಟ್ ಕರೆಗಳು ಒಟ್ಟಿಗೆ ಬಿದ್ದರೂ ಬಿಡಿಸುವ ಈವೆಂಟ್ ಸಾಮಾನ್ಯವಾಗಿ ಒಂದೇ ಆಗುತ್ತದೆ. ಈ ಒಗ್ಗೂಡಿಸುವ ಗುಣ ಸಿಗ್ನಲ್‌ಗಿಲ್ಲ.

ಹಾಗಾದರೆ ನಮ್ಮದೇ ಹೊಸ ಈವೆಂಟ್ ಬಗೆಗಳನ್ನು ಮಾಡಬೇಕೇ? 1000ದಿಂದ 65535ರವರೆಗಿನ ಸಂಖ್ಯೆಗಳನ್ನು ಕ್ಯೂಟ್ ನಮಗಾಗಿಯೇ ಬಿಟ್ಟಿದೆ. ಆದರೂ ನನ್ನ ಉತ್ತರ ‘ಅಪರೂಪಕ್ಕೆ’. ಆದ್ಯತೆ ಕೊಟ್ಟು ಸರದಿಯಲ್ಲಿ ಮುಂದೆ ನಿಲ್ಲಿಸಬೇಕಿದ್ದರೆ, ಫಿಲ್ಟರ್‌ಗಳು ತಡೆಯಲು ಸಾಧ್ಯವಾಗಬೇಕಿದ್ದರೆ ಮಾಡಿ. ಮಾಡುವಾಗ ಒಂದು ಎಚ್ಚರ: ಪೋಸ್ಟ್‌ಈವೆಂಟ್‌ಗೆ ಕೊಡುವ ಈವೆಂಟನ್ನು ನ್ಯೂ ಬಳಸಿ ಸೃಷ್ಟಿಸಬೇಕು, ಅಳಿಸುವ ಹೊಣೆ ಕ್ಯೂಟ್‌ನದು. ಸೆಂಡ್‌ಈವೆಂಟ್ ತಕ್ಷಣ ತಲುಪಿಸಿ ಹಿಂದಿರುಗುತ್ತದೆ, ಅದು ಏನನ್ನೂ ಅಳಿಸುವುದಿಲ್ಲ. ಅಲ್ಲಿ ಸ್ಟ್ಯಾಕ್ ಮೇಲಿನದ್ದೇ ಸಾಕು. ಇವೆರಡನ್ನು ಅದಲುಬದಲು ಮಾಡಿದರೆ ಒಂದು ಕಡೆ ಕುಸಿತ, ಇನ್ನೊಂದು ಕಡೆ ಸೋರುವ ಮೆಮೊರಿ.

ಬೇರೆ ಚೌಕಟ್ಟುಗಳಲ್ಲಿ ಹೆಸರುಗಳು ಅದಲುಬದಲಾಗಿವೆ, ಗಲಿಬಿಲಿಯಾಗಬೇಡಿ. ಸಿ ಶಾರ್ಪ್‌ನ ‘ಈವೆಂಟ್’ ನಡೆದುಕೊಳ್ಳುವುದು ಬಹುತೇಕ ಕ್ಯೂಟ್‌ನ ಸಿಗ್ನಲ್‌ನಂತೆ. ಕ್ಯೂಟ್‌ನಂಥದ್ದೇ ಇನ್ನೊಂದು ಚೌಕಟ್ಟಾದ ಜಿಟಿಕೆಯಲ್ಲಿ ಕಿಟಕಿ ಮುಚ್ಚುವುದನ್ನು ತಿಳಿಸುವುದು ಸಿಗ್ನಲ್ಲೇ, ಆದರೆ ಕೇಳಿದವರು ‘ನಿಜ’ ಎಂದು ಹಿಂದಿರುಗಿಸಿ ಅದನ್ನು ತಡೆಯಬಹುದು. ಬ್ರೌಸರ್‌ನಲ್ಲಿ, ಅದು ತಾನಾಗಿ ಮಾಡಲಿರುವ ಕೆಲಸವನ್ನು ತಡೆಯಲು ಪ್ರಿವೆಂಟ್‌ಡೀಫಾಲ್ಟ್ ಇದೆ. ಯಾವುದೇ ಹೊಸ ಚೌಕಟ್ಟು ಕಲಿಯುವಾಗ ಅದರಲ್ಲಿ ‘ಬೇಡ’ ಎನ್ನುವ ಜಾಗ ಎಲ್ಲಿದೆ ಎಂದು ನಾನು ಮೊದಲು ಹುಡುಕುತ್ತೇನೆ.

ಪಕ್ಕದ ಪ್ರಯೋಗಾಲಯದಲ್ಲಿ ಯಂತ್ರಗಳು ಸಿದ್ಧವಾಗಿವೆ. ತೂಕದ ಕಿಟಕಿಯ ಅರೆಬರೆ ಕೋಡ್ ಅಲ್ಲಿ ಹಾಕಿಟ್ಟಿದ್ದೇನೆ. ಕ್ಲೋಸ್‌ಈವೆಂಟ್ ಖಾಲಿ ಬಿಟ್ಟಿದೆ, ಅಲ್ಲಿಂದ ಶುರುಮಾಡೋಣ. ಅದಕ್ಕೂ ಮುನ್ನ ಪ್ರಶ್ನೆಗಳಿದ್ದರೆ ಕೇಳಿ.