ಮರಳಿ ಸಿಕ್ಕ ಚಿನ್ನ ಮತ್ತು ಕರಗಿದ ಉಪ್ಪು

ಕೇಳುಗರಿಗೆ ನಮಸ್ಕಾರ.

ಶಾಲೆಯ ವಿಜ್ಞಾನ ಪರೀಕ್ಷೆಯಲ್ಲಿ ಒಂದು ಅಂಕದ ಹಳೆಯ ಪ್ರಶ್ನೆಯೊಂದಿದೆ: ಉಪ್ಪು ನೀರಿನಲ್ಲಿ ಕರಗುವುದು ಭೌತ ಬದಲಾವಣೆಯೋ, ರಾಸಾಯನಿಕ ಬದಲಾವಣೆಯೋ? ಭೌತ ಎಂದು ಬರೆದರೆ ಅಂಕ ಸಿಗುತ್ತದೆ. ಏಕೆ ಎಂದರೆ, ನೀರನ್ನು ಆವಿ ಮಾಡಿದರೆ ಉಪ್ಪು ಮರಳಿ ಬರುತ್ತದೆ ಎನ್ನಬೇಕು. ಉತ್ತರದ ಮೇಲೆ ನನಗೆ ಸಣ್ಣ ತಕರಾರಿದೆ. ಆ ಕಾರಣದ ಮೇಲೆ ದೊಡ್ಡದು.

1940ರ ಏಪ್ರಿಲ್‌ನಲ್ಲಿ ಜರ್ಮನಿಯ ಸೇನೆ ಡೆನ್ಮಾರ್ಕಿನ ಕೋಪನ್‌ಹೇಗನ್ ಹೊಕ್ಕಾಗ, ಅಲ್ಲಿ ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಎರಡು ನೊಬೆಲ್ ಪದಕಗಳಿದ್ದವು. ಒಂದು ಮ್ಯಾಕ್ಸ್ ಫಾನ್ ಲಾವೆ ಅವರದು, ಇನ್ನೊಂದು ಜೇಮ್ಸ್ ಫ್ರಾಂಕ್ ಅವರದು. ಜರ್ಮನಿಯಿಂದ ಚಿನ್ನ ಹೊರಗೆ ಸಾಗಿಸುವುದು ಆಗ ಅಪರಾಧ. ಪದಕಗಳ ಮೇಲೆ ಹೆಸರು ಬೇರೆ ಕೆತ್ತಿತ್ತು. ಜಾರ್ಜ್ ಡಿ ಹೆವೆಸಿ ಎಂಬ ರಸಾಯನಜ್ಞರು ಅವೆರಡನ್ನೂ ಆಕ್ವಾ ರೀಜಿಯಾದಲ್ಲಿ, ಅಂದರೆ ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ, ಕರಗಿಸಿ ಕಪಾಟಿನಲ್ಲಿಟ್ಟುಬಿಟ್ಟರು. ಯುದ್ಧ ಮುಗಿದ ಮೇಲೆ ನೋಡಿದರೆ ದ್ರಾವಣ ಇಟ್ಟಲ್ಲೇ ಇತ್ತು. ಅದರಿಂದ ಚಿನ್ನವನ್ನು ಬೇರ್ಪಡಿಸಿ ಪದಕಗಳನ್ನು ಹೊಸದಾಗಿ ಮಾಡಿಸಲಾಯಿತು.

ಚಿನ್ನವೇನೋ ಮರಳಿತು. ಆದರೆ ಅಷ್ಟು ದಿನ ಆ ದ್ರಾವಣದಲ್ಲಿದ್ದದ್ದು ಚಿನ್ನದ ಲೋಹವಲ್ಲ, ಕ್ಲೋರಿನ್ ಜೊತೆ ಕೂಡಿಕೊಂಡ ಅದರ ಸಂಯುಕ್ತ. ಅದು ಅಪ್ಪಟ ರಾಸಾಯನಿಕ ಬದಲಾವಣೆ. ಲೋಹವನ್ನು ಬಿಡಿಸಿಕೊಳ್ಳಲು ಇನ್ನೊಂದು ರಾಸಾಯನಿಕ ಕ್ರಿಯೆ ಬೇಕಾಯಿತು, ಬರಿದೆ ಆವಿ ಮಾಡಿದರೆ ಸಾಲದು ಎಂದು ನೀವು ವಾದಿಸಬಹುದು. ಒಪ್ಪಿದೆ. ಹಾಗಿದ್ದರೆ ಸೋಡಾ ಬಾಟಲಿಯನ್ನು ನೋಡಿ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡಿನಲ್ಲಿ ಒಂದಿಷ್ಟು ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗಿರುತ್ತದೆ. ಮುಚ್ಚಳ ತೆಗೆದಿಟ್ಟರೆ ಸಾಕು, ಅದೂ ಮತ್ತೆ ಅನಿಲವಾಗಿ ಹೊರಟುಹೋಗುತ್ತದೆ. ಮರಳಿ ಬಂದಿತೇ ಎಂಬ ಪರೀಕ್ಷೆ ಇಲ್ಲಿಯೂ ಕೈಕೊಟ್ಟಿತು.

ಹಾಗಾಗಿ ನಾನು ಕೇಳುವುದು ಬೇರೆ ಪ್ರಶ್ನೆ: ಕರಗಿರುವಾಗ ನೀರಿನೊಳಗೆ ಓಡಾಡುತ್ತಿರುವ ಕಣ ಯಾವುದು? ಸಕ್ಕರೆಯ ವಿಷಯದಲ್ಲಿ ಉತ್ತರ ಸುಲಭ. ಒಂದು ಅಣುವಿನಲ್ಲಿ 45 ಪರಮಾಣುಗಳು. ಕರಗಿದ ಮೇಲೂ ಅವೇ 45, ಅದೇ ಜೋಡಣೆ. ಅಣುಗಳು ಒಂದರಿಂದೊಂದು ದೂರವಾದವು, ಅಷ್ಟೇ. ಹೈಡ್ರೋಜನ್ ಕ್ಲೋರೈಡ್ ಅನಿಲದ್ದು ಇದಕ್ಕೆ ತದ್ವಿರುದ್ಧ. ಅದರ ಅಣು ನೀರಿಗೆ ಬಿದ್ದೊಡನೆ ಒಡೆದು, ಮೊದಲಿಲ್ಲದ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಹುಟ್ಟುತ್ತವೆ.

ಉಪ್ಪು ಇವೆರಡರ ನಡುವೆ ನಿಂತು ನಮ್ಮನ್ನು ಕಾಡಿಸುತ್ತದೆ. ಅದರ ಹರಳಿನಲ್ಲಿ ಅಣು ಎಂಬುದೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಇದನ್ನು 1913ರಲ್ಲಿ ಲಾರೆನ್ಸ್ ಬ್ರಾಗ್ ಎಕ್ಸ್ ಕಿರಣಗಳಿಂದ ಕಂಡುಕೊಂಡರು. ಹರಳುಗಳಿಗೆ ಎಕ್ಸ್ ಕಿರಣ ಹಾಯಿಸುವ ಆ ದಾರಿಯನ್ನು ತೆರೆದವರು ಲಾವೆ. ಆಮ್ಲದಲ್ಲಿ ಕರಗಿದ್ದು ಆ ಕೆಲಸಕ್ಕಾಗಿ ಅವರಿಗೆ ಸಿಕ್ಕ ಪದಕವೇ!

58.5 ಗ್ರಾಂ ಉಪ್ಪಿನ ಅಯಾನುಗಳನ್ನು ಪೂರ್ತಿ ಬಿಡಿಬಿಡಿ ಮಾಡಲು ಸುಮಾರು 787 ಕಿಲೋಜೂಲ್ ಶಕ್ತಿ ಬೇಕು. ಅಷ್ಟು ಬಲದ ಬಂಧ ಕಡಿಯುವುದನ್ನು ಬರಿಯ ಭೌತ ಬದಲಾವಣೆ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಆದರೂ ನೀರು ಬಿಸಿಯಾಗದು, ಹೇಳಿಕೊಳ್ಳುವಷ್ಟು ತಣ್ಣಗೂ ಆಗದು. ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿಯುವಾಗ ಸುಮಾರು ನಾಲ್ಕು ಕಿಲೋಜೂಲ್ ಬಿಟ್ಟು ಉಳಿದೆಲ್ಲ ಸಾಲವೂ ತೀರಿಹೋಗುತ್ತದೆ. ಇನ್ನೊಂದು ಕಡೆ, ಹರಳಿನಲ್ಲಿದ್ದ ಅಯಾನುಗಳೇ ನೀರಿನಲ್ಲೂ ಇವೆ. ಹೊಸ ವಸ್ತು ಹುಟ್ಟಲಿಲ್ಲ. ಪುಸ್ತಕ ಅದನ್ನು ಭೌತ ಎನ್ನುವುದಕ್ಕೆ ನಿಜವಾದ ಸಮರ್ಥನೆ ಇದು, ಆವಿಯಾಗುವ ನೀರಲ್ಲ.

ಪತ್ರಿಕೆ ತಿದ್ದುವ ಕೆಲಸ ನನಗೆ ಬಂದರೆ, ಭೌತ ಎಂದವರಿಗೂ ರಾಸಾಯನಿಕ ಎಂದವರಿಗೂ ಅಂಕ ಕೊಡುತ್ತೇನೆ, ಅಯಾನುಗಳ ಹೆಸರೆತ್ತಿದ್ದರೆ. ನಮಸ್ಕಾರ.