ಇಲ್ಲದ ಹೆಸರಿಗೂ ಒಂದು ಪುಟ

ಕೇಳುಗರೆಲ್ಲರಿಗೂ ನಮಸ್ಕಾರ.

ವೆಬ್ ವಿಳಾಸ ಟೈಪಿಸುವಾಗ ಒಂದಕ್ಷರ ತಪ್ಪಿತು ಅನ್ನಿ. ಆ ಹೆಸರಿನ ತಾಣವೇ ಇಲ್ಲ. ಹೆಸರು ಕೊಟ್ಟರೆ ಅಂಕಿಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಆಗ 'ಇಂಥ ಹೆಸರಿಲ್ಲ' ಅನ್ನಬೇಕು. ಅದರ ಕೆಲಸ ಅಷ್ಟೇ.

ಈ 'ಇಲ್ಲ'ದಿಂದಲೂ ಜಾಹೀರಾತಿನ ಕಾಸು ಹುಟ್ಟುತ್ತದೆ ಎಂದು ಕಂಡುಕೊಂಡವರಲ್ಲಿ ಅಮೆರಿಕದ ವೆರಿಸೈನ್ ಒಂದು. ಡಾಟ್ ಕಾಮ್, ಡಾಟ್ ನೆಟ್ ಹೆಸರುಗಳ ಮೂಲ ಪಟ್ಟಿ ಇರುವುದೇ ಅದರ ಕೈಯಲ್ಲಿ. 2003ರ ಸೆಪ್ಟೆಂಬರ್ 15ರಿಂದ, ಯಾರೂ ನೋಂದಾಯಿಸದ ಹೆಸರು ಕೇಳಿದವರನ್ನೆಲ್ಲ ಅದು ತನ್ನ 'ಸೈಟ್ ಫೈಂಡರ್' ಪುಟಕ್ಕೆ ಎಳೆದೊಯ್ದಿತು.

ನಮಗಾದರೆ ಇದು ಬರೀ ಕಿರಿಕಿರಿ. ನಿಜವಾದ ಪೆಟ್ಟು ಬಿದ್ದದ್ದು ಪ್ರೋಗ್ರಾಮ್‌ಗಳಿಗೆ. ಇಮೇಲ್ ಕಳುಹಿಸಿದವರ ಡೊಮೇನ್, ಅಂದರೆ ವಿಳಾಸದಲ್ಲಿ @ ಗುರುತಿನ ನಂತರದ ಹೆಸರು, ನಿಜಕ್ಕೂ ಇದೆಯೇ ಎಂದು ವಿಚಾರಿಸಿ, ಇಲ್ಲವಾದರೆ ಸ್ಪ್ಯಾಮ್ ಎಂದು ತಳ್ಳಿಹಾಕುವ ಸರ್ವರ್‌ಗಳಿದ್ದವು. ರಾತ್ರಿ ಬೆಳಗಾಗುವುದರೊಳಗೆ ಅವುಗಳ ಪಾಲಿಗೆ ಎಲ್ಲ ಹೆಸರೂ 'ಇದೆ' ಆಗಿಬಿಟ್ಟವು. ಡೊಮೇನ್ ತಪ್ಪಿ ಬರೆದ ಇಮೇಲ್ ಕೂಡ ವೆರಿಸೈನ್ ಬಾಗಿಲು ತಟ್ಟಿಯೇ ವಾಪಸಾಗಬೇಕಿತ್ತು. ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶದವರು ಕೆಲವೇ ದಿನಗಳಲ್ಲಿ ಇದಕ್ಕೆ ಪ್ರತಿಮದ್ದು ತಂದರು. ಕೊನೆಗೆ, ಇಂಟರ್‌ನೆಟ್ ಹೆಸರುಗಳ ಮೇಲ್ವಿಚಾರಣೆ ನೋಡುವ ಐಕ್ಯಾನ್ ಸಂಸ್ಥೆ ಗದರಿಸಿದ ಮೇಲೆ, ಅಕ್ಟೋಬರ್ 4ರಂದು ವೆರಿಸೈನ್ ಅಂಗಡಿ ಮುಚ್ಚಿತು.

ಆಸೆ ಮಾತ್ರ ಮುಚ್ಚಲಿಲ್ಲ, ನೋಡಿ. ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿಗಳು ಅದೇ ಆಟವನ್ನು ತಮ್ಮ ತಮ್ಮ ಸರ್ವರ್‌ಗಳಲ್ಲಿ ಹೂಡಿದವು. ಅಮೆರಿಕದ ಅರ್ಥ್‌ಲಿಂಕ್ ಈ ಕೆಲಸವನ್ನು ಬೇರ್‌ಫ್ರೂಟ್ ಎಂಬ ಕಂಪನಿಗೆ ವಹಿಸಿತ್ತು. 2008ರಲ್ಲಿ ಕಂಪ್ಯೂಟರ್ ಸುರಕ್ಷತಾ ತಜ್ಞ ಡ್ಯಾನ್ ಕಮಿನ್ಸ್ಕಿ ಅದರ ಹುಳುಕು ತೋರಿಸಿದರು. ಹೆಸರಾಂತ ತಾಣವೊಂದರ ಇಲ್ಲದ ಉಪಹೆಸರನ್ನು, ಅಂದರೆ ತಾಣದ ಹೆಸರಿಗೆ ಮೊದಲು ಚುಕ್ಕಿಯೊಂದಿಗೆ ಸೇರುವ ಹೆಸರನ್ನು, ಕೇಳಿದರೂ ಬೇರ್‌ಫ್ರೂಟ್‌ನ ಜಾಹೀರಾತು ಬರುತ್ತಿತ್ತು. ಆ ಜಾಹೀರಾತಿನ ಸರ್ವರ್‌ನಲ್ಲೊಂದು ತೂತು. ಅದರೊಳಗೆ ನುಸುಳಿದವನು ಆ ತಾಣದ ಹೆಸರಿನಲ್ಲೇ ತನ್ನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಓಡಿಸಬಹುದಿತ್ತು. ತಾಣದವರದೂ ತಪ್ಪಿಲ್ಲ, ಬಳಸುವವರದೂ ತಪ್ಪಿಲ್ಲ. ನಡುವೆ ಕೂತವರ ದುಡ್ಡಿನಾಸೆಗೆ ಇಬ್ಬರೂ ಬೆಲೆ ತೆರಬೇಕು!

ಅಮೆರಿಕದ ಇನ್ನೊಂದು ಸಂಪರ್ಕ ಕಂಪನಿ ಕಾಮ್‌ಕಾಸ್ಟ್ 2009ರಲ್ಲಿ ಇದನ್ನೇ 'ಡೊಮೇನ್ ಹೆಲ್ಪರ್' ಎಂದು ಕರೆಯಿತು. ಸಹಾಯವಂತೆ! ಬೇಡವೆನ್ನುವ ಗ್ರಾಹಕರು ತಾವೇ ಹೋಗಿ ಬೇಡವೆಂದು ಹೇಳಬೇಕಿತ್ತು. 2012ರ ಜನವರಿಯಲ್ಲಿ ಅದೇ ಕಂಪನಿ ಇದನ್ನು ಕೈಬಿಟ್ಟಿತು. ಕಾರಣ, ಡಿಎನ್‌ಎಸ್ ಉತ್ತರಗಳಿಗೆ ಡಿಜಿಟಲ್ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಪದ್ಧತಿಗೂ ನಡುವೆ ಉತ್ತರ ತಿದ್ದುವ ಚಾಳಿಗೂ ಹೊಂದಿಕೆಯಾಗದು. ಜರ್ಮನಿಯ ಡಾಯ್ಚ ಟೆಲಿಕಾಂ ಮಾತ್ರ 2019ರವರೆಗೂ ಎಳೆಯಿತು.

ನಿಮ್ಮ ಮನೆಯ ಸಂಪರ್ಕ ಹೇಗಿದೆ ಎಂದು ತಿಳಿಯಬೇಕೇ? ಬಾಯಿಗೆ ಬಂದ ಅಕ್ಷರಗಳನ್ನು ಒತ್ತಿ, ಕೊನೆಗೆ ಡಾಟ್ ಕಾಮ್ ಸೇರಿಸಿ ನೋಡಿ. ದೋಷದ ಸಂದೇಶದ ಬದಲು ಜಾಹೀರಾತು ಬಂದರೆ, ಕಂಪ್ಯೂಟರ್ ಅಥವಾ ರೂಟರ್‌ನ ಸೆಟ್ಟಿಂಗ್‌ನಲ್ಲಿ ಬೇರೆ ಡಿಎನ್‌ಎಸ್ ಆರಿಸಿಕೊಳ್ಳಬಹುದು.