ಕಿವಿಯಿಂದ ಬದುಕಿದ ಸೀರಿಯಲ್ಲು

ಕೇಳುಗರಿಗೆಲ್ಲ ನಮಸ್ಕಾರ. ಕೆಲವರು ಒಗ್ಗರಣೆ ಹಾಕ್ತಾ ಕೇಳ್ತಿರ್ತೀರ, ಕೆಲವರು ಅಂಗಡಿ ಗಲ್ಲಾದ ಪಕ್ಕ ರೇಡಿಯೋ ಇಟ್ಕೊಂಡಿರ್ತೀರ, ಅದಕ್ಕೆ ಕಷ್ಟದ ಮಾತು ಯಾವುದೂ ಆಡಲ್ಲ. ಇವತ್ತು ಒಂದು ಟಿವಿ ಸೀರಿಯಲ್ ಬಗ್ಗೆ ಹೇಳಿ ಅಂತ ಕರೆದಿದಾರೆ. ನಾನು ಸೌಂಡ್ ರೆಕಾರ್ಡಿಂಗ್ ಕೆಲಸದವಳು, ಮೂವತ್ತು ವರ್ಷ ಹೆಡ್‌ಫೋನ್ ಹಾಕ್ಕೊಂಡೇ ಕಳೆದವಳು, ನಾನು ಹೇಳೋದು ಒಂದೇ ವಿಷಯ. ಈ ಸೀರಿಯಲ್ಲು ಇಷ್ಟು ವರ್ಷ ಉಳ್ಕೊಂಡಿರೋದು ಕಣ್ಣಿಂದ ಅಲ್ಲ, ಕಿವಿಯಿಂದ.

ಹೆಸರು ಡಾಕ್ಟರ್ ಹೂ. ಹೂ ಅಂದ್ರೆ ಮಲ್ಲಿಗೆ ಸಂಪಿಗೆ ಅಲ್ಲ, ಇಂಗ್ಲಿಷಲ್ಲಿ 'ಯಾರು' ಅಂತ. ಡಾಕ್ಟರ್ ಅಂತಷ್ಟೇ ಹೆಸರಿರೋ ಬೇರೆ ಗ್ರಹದ ಒಬ್ಬ ಅಲೆಮಾರಿ, ಹಿಂದೆ ಲಂಡನ್ ಬೀದಿಗಳಲ್ಲಿ ಪೊಲೀಸರಿಗೆ ಫೋನ್ ಮಾಡೋಕೆ ಅಂತ ಇಟ್ಟಿರ್ತಿದ್ದ ನೀಲಿ ಪೆಟ್ಟಿಗೆ ಥರದ ಒಂದು ಯಂತ್ರದಲ್ಲಿ ಕೂತು ಯಾವ ಕಾಲಕ್ಕೆ ಬೇಕಾದ್ರೂ ಯಾವ ಲೋಕಕ್ಕೆ ಬೇಕಾದ್ರೂ ಹೋಗ್ತಾನೆ. ಪೆಟ್ಟಿಗೆ ಹೆಸರು ಟಾರ್ಡಿಸ್, ಹೊರಗಿಂದ ಬೀರುವಿನಷ್ಟು, ಒಳಗೆ ಅರಮನೆಯಷ್ಟು. ಕಥೆ ಇಷ್ಟೇ.

1963ರ ನವೆಂಬರ್ 23, ಶನಿವಾರ ಸಂಜೆ, ಬಿಬಿಸಿಯಲ್ಲಿ ಮೊದಲ ಎಪಿಸೋಡ್ ಬಂತು. ಅದರ ಹಿಂದಿನ ದಿನ ಅಮೆರಿಕದಲ್ಲಿ ಅಧ್ಯಕ್ಷ ಕೆನಡಿ ಹತ್ಯೆ ಆಗಿತ್ತು, ಇಡೀ ಜಗತ್ತಿನ ಗಮನ ಅಲ್ಲಿತ್ತು, ಹಾಗಾಗಿ ಮುಂದಿನ ವಾರ ಅದೇ ಎಪಿಸೋಡನ್ನ ಮತ್ತೆ ಹಾಕಿದ್ರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಇಪ್ಪತ್ತೇಳು ವರ್ಷದ ಹೆಣ್ಮಗಳು. ಮೊದಲ ಕಥೆಯ ನಿರ್ದೇಶಕ ಯಾರು ಗೊತ್ತಾ, ನಮ್ಮ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್, ಆಗ ಅವರಿಗೆ ಇಪ್ಪತ್ನಾಲ್ಕು. ಅವರ ತಾಯಿ ಅತಿಯಾ ಹುಸೇನ್ ಲೇಖಕಿ, ಬಿಬಿಸಿ ರೇಡಿಯೋದ ಈಸ್ಟರ್ನ್ ಸರ್ವೀಸ್‌ನಲ್ಲಿ ಕಾರ್ಯಕ್ರಮ ನಡೆಸ್ತಿದ್ರು. ಅಂದ್ರೆ ಆ ಮನೇಲೂ ರೇಡಿಯೋ ಇತ್ತು ಅಂತ ನೆನಪಲ್ಲಿಟ್ಕೊಳ್ಳಿ.

ದುಡ್ಡು ಕಮ್ಮಿ, ಸ್ಟುಡಿಯೋ ಇಕ್ಕಟ್ಟು, ಬಣ್ಣ ಇಲ್ಲ, ಕಪ್ಪು ಬಿಳುಪು. ಈಗಿನ ಹುಡುಗ್ರು ಅದನ್ನ ನೋಡಿ ಏನಿದು ರಟ್ಟಿನ ಗೋಡೆ, ಅಲ್ಲಾಡ್ತಿದೆ ಅಂತಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕಣ್ಣು ಮುಚ್ಕೊಂಡು ಕೇಳ್ರಪ್ಪ ಅಂತೀನಿ ನಾನು.

ಶುರುವಲ್ಲಿ ಬರೋ ಆ ಸಂಗೀತ ಇದೆಯಲ್ಲ, ದುಂ ದದದುಂ ದದದುಂ ಅಂತ, ಅದರ ಮೇಲೆ ಯಾರೋ ದೂರದಲ್ಲಿ ಊಳಿಟ್ಟ ಹಾಗೆ ಜಾರ್ಕೊಂಡು ಬರೋ ರಾಗ, ಅದನ್ನ ಮಾಡಿದ ಕಥೆ ಹೇಳ್ತೀನಿ. ರಾನ್ ಗ್ರೇನರ್ ಅಂತ ಸಂಗೀತಗಾರ ಒಂದೇ ಒಂದು ಹಾಳೇಲಿ ಸ್ವರ ಬರ್ಕೊಟ್ರು, ಜೊತೆಗೆ ಇಲ್ಲಿ ಗಾಳಿಗುಳ್ಳೆ, ಇಲ್ಲಿ ಮೋಡ ಅಂತೆಲ್ಲ ಗುರುತು. ಆ ಹಾಳೆ ಹೋಗಿದ್ದು ಡೀಲಿಯಾ ಡರ್ಬಿಶೈರ್ ಕೈಗೆ. ಕವೆಂಟ್ರಿ ಊರಿನ ಹುಡುಗಿ, ಕೇಂಬ್ರಿಜ್‌ನಲ್ಲಿ ಗಣಿತ ಸಂಗೀತ ಎರಡೂ ಓದಿದವರು. ಓದು ಮುಗಿಸಿ ಒಂದು ದೊಡ್ಡ ರೆಕಾರ್ಡಿಂಗ್ ಕಂಪನಿಗೆ ಕೆಲಸ ಕೇಳ್ಕೊಂಡು ಹೋದ್ರೆ ಸ್ಟುಡಿಯೋ ಒಳಗೆ ನಾವು ಹೆಂಗಸರನ್ನ ತಗೊಳ್ಳಲ್ಲ ಅಂದ್ರಂತೆ. ನನಗೂ ಶುರುವಲ್ಲಿ ಒಂದು ಕಡೆ ಮೈಕ್ ಮುಂದೆ ಹಾಡು ಬೇಕಾದ್ರೆ ಹಾಡಮ್ಮ, ಮೆಷಿನ್ ಮುಟ್ಟಬೇಡ ಅಂದಿದ್ರು, ಆ ನೋವು ಏನು ಅಂತ ಗೊತ್ತು. ಡೀಲಿಯಾ ಬಿಬಿಸಿ ಸೇರಿ ಅಲ್ಲಿಂದ ರೇಡಿಯೋಫೋನಿಕ್ ವರ್ಕ್‌ಶಾಪ್ ಅನ್ನೋ ವಿಭಾಗಕ್ಕೆ ಬಂದ್ರು, ಲಂಡನ್ನಿನ ಮೈಡಾ ವೇಲ್‌ನಲ್ಲಿ, ರೇಡಿಯೋ ನಾಟಕಗಳಿಗೆ ವಿಚಿತ್ರ ಶಬ್ದ ಹುಟ್ಟಿಸೋಕೆ ಅಂತಲೇ ಇದ್ದ ಜಾಗ ಅದು. ನೋಡಿ, ಹುಟ್ಟಿದ್ದೇ ರೇಡಿಯೋ ಮಡಿಲಲ್ಲಿ.

ಆಗ ಸಿಂಥಸೈಜರ್, ಅಂದ್ರೆ ಕರೆಂಟಿಂದ ಬೇಕಾದ ಶಬ್ದ ಹುಟ್ಟಿಸೋ ವಾದ್ಯ, ಕೈಗೆ ಸಿಗೋ ವಸ್ತು ಆಗಿರ್ಲಿಲ್ಲ, ಕಂಪ್ಯೂಟರ್ ಅಂತೂ ಕೇಳಲೇಬೇಡಿ. ಡೀಲಿಯಾ ಒಂದು ತಂತಿ ಬಿಗಿದು ಮೀಟಿದ್ರು, ರೆಕಾರ್ಡ್ ಮಾಡಿದ್ರು. ಆ ಒಂದೇ ಮೀಟನ್ನ ಟೇಪಿನ ವೇಗ ಹೆಚ್ಚು ಕಮ್ಮಿ ಮಾಡಿ ಮಾಡಿ ಸ ರಿ ಗ ಮ ಎಲ್ಲ ಅದರಿಂದಲೇ ತೆಗೆದ್ರು. ಊಳಿಡೋ ರಾಗಕ್ಕೆ ಮೆಷಿನ್ ಟೆಸ್ಟ್ ಮಾಡೋಕೆ ಇಟ್ಟಿರ್ತಾರಲ್ಲ ಆಸಿಲೇಟರು, ಕುಂಯ್ ಅಂತ ಒಂದೇ ಶಬ್ದ ಬರುತ್ತೆ, ಅದರ ತಿರುಪನ್ನ ಕೈಯಲ್ಲಿ ತಿರುಗಿಸಿ ಜಾರಿಸಿದ್ರು, ನಮ್ಮ ವೀಣೆಯವರು ತಂತಿ ಎಳೆದು ಗಮಕ ತರ್ತಾರಲ್ಲ ಆ ಥರ. ಆಮೇಲೆ ಸ್ಟೇಷನ್ ಸಿಗದೆ ಇರೋವಾಗ ರೇಡಿಯೋ ಸುಸ್ ಅನ್ನುತ್ತಲ್ಲ, ಅಂಥ ಶಬ್ದದಿಂದ ಮೋಡ ಮಾಡಿದ್ರು. ಈಗ ಇದನ್ನೆಲ್ಲ ಜೋಡಿಸ್ಬೇಕು. ಸ್ಟುಡಿಯೋ ಟೇಪು ಸೆಕೆಂಡಿಗೆ 15 ಇಂಚು ಓಡುತ್ತೆ ಅಂತಿಟ್ಕೊಳ್ಳಿ, ಅರ್ಧ ಸೆಕೆಂಡಿನ ಸ್ವರ ಬೇಕು ಅಂದ್ರೆ ಏಳೂವರೆ ಇಂಚು ಅಳೆದು ಬ್ಲೇಡಲ್ಲಿ ಕತ್ತರಿಸ್ಬೇಕು, ಪಕ್ಕದ ಸ್ವರ ಇನ್ನೊಂದು ತುಂಡು, ಅಂಟಿಸ್ಬೇಕು, ಹೀಗೆ ಒಂದೊಂದು ಸ್ವರಕ್ಕೂ ಒಂದೊಂದು ತುಂಡು. ನಾನು ಕೆಲಸ ಕಲಿಯೋವಾಗ ಒಂದು ಭಾವಗೀತೆ ಪಲ್ಲವಿಯಿಂದ ತಬಲಾದವರ ಒಂದು ಕೆಮ್ಮು ಕತ್ತರಿಸೋಕೆ ಇಡೀ ಮಧ್ಯಾಹ್ನ ಹಿಡೀತು. ಡೀಲಿಯಾ ಇಡೀ ಹಾಡನ್ನೇ ಹಾಗೆ ಹೊಲಿದ್ರು, ಜೊತೆಗೆ ಡಿಕ್ ಮಿಲ್ಸ್ ಅನ್ನೋ ಸಹಾಯಕ.

ಟ್ರ್ಯಾಕ್ ಮೇಲೆ ಟ್ರ್ಯಾಕ್ ಇಡೋ ಸೌಕರ್ಯನೂ ಇಲ್ಲ, ಬೇರೆ ಬೇರೆ ಮೆಷಿನ್‌ನಲ್ಲಿ ಬೇರೆ ಬೇರೆ ಟೇಪ್ ಹಾಕಿ ಒಂದು ಎರಡು ಮೂರು ಅಂತ ಒಟ್ಟಿಗೆ ಬಟನ್ ಒತ್ತಿ, ತಾಳ ತಪ್ಪದ ಹಾಗೆ ಓಡಿಸ್ಬೇಕು. ಎಲ್ಲೋ ಒಂದು ಸ್ವರ ತಪ್ಪಿತ್ತು, ಎಲ್ಲಿ ಅಂತ ಗೊತ್ತಾಗ್ತಿಲ್ಲ. ಏನು ಮಾಡಿದ್ರು ಗೊತ್ತಾ, ಎಲ್ಲ ಟೇಪನ್ನ ಹೊರಗೆ ಉದ್ದನೆ ಕಾರಿಡಾರಿನ ನೆಲದ ಮೇಲೆ ಬಿಚ್ಚಿ ಹಾಸಿ, ಸೀರೆ ಒಣಹಾಕಿದ ಹಾಗೆ ಅಕ್ಕಪಕ್ಕ, ಅಂಟಿಸಿದ ಜಾಗಗಳನ್ನ ಒಂದೊಂದೇ ಹೊಂದಿಸ್ತಾ ನಡ್ಕೊಂಡು ಹೋದ್ರು, ಎಲ್ಲಿ ಸಾಲು ತಪ್ಪುತ್ತೋ ಅಲ್ಲಿ ಆ ತಪ್ಪು ಸ್ವರ. ನನಗೆ ಇದು ಎಷ್ಟು ಸಲ ಹೇಳಿದ್ರೂ ಮೈ ಜುಂ ಅನ್ನುತ್ತೆ.

ಮುಗಿದ ಮೇಲೆ ಗ್ರೇನರ್ ಕೇಳಿಸ್ಕೊಂಡು ಇದು ನಾನು ಬರೆದಿದ್ದಾ ಅಂದ್ರಂತೆ, ಡೀಲಿಯಾ ಬಹುಪಾಲು ನಿಮ್ದೇ ಅಂದ್ರಂತೆ. ಗ್ರೇನರ್ ದೊಡ್ಡ ಮನಸ್ಸಿನವರು, ಇವರ ಹೆಸರೂ ಸೇರಿಸಿ ಅಂದ್ರು. ಆಗಲ್ಲ, ಆ ವಿಭಾಗದವರ ಹೆಸರು ಹಾಕೋ ಪದ್ಧತಿ ಇಲ್ಲ ಅಂದ್ರು ಬಿಬಿಸಿಯವರು.

ಇನ್ನೊಂದು ಶಬ್ದ. ಟಾರ್ಡಿಸ್ ಹೊರಡೋವಾಗ ವ್ರೂಂಪ್ ವ್ರೂಂಪ್ ಅಂತ ಕೆರೆದ ಹಾಗೆ ಬರುತ್ತಲ್ಲ, ಅದು ಅದೇ ವರ್ಕ್‌ಶಾಪಿನ ಬ್ರಯನ್ ಹಾಡ್ಜ್‌ಸನ್ ತಮ್ಮ ಅಮ್ಮನ ಮನೆ ಬೀಗದ ಕೈಯಿಂದ ಹಳೇ ಪಿಯಾನೋ ತಂತಿ ಗೀರಿ ಮಾಡಿದ್ದು. ಮನೆ ಬಾಗಿಲು ತೆಗೆಯೋ ಕೀಲಿಕೈ! ಡಾಲೆಕ್ ಅಂತ ಕ್ರೂರ ಜೀವಿಗಳು ಇವೆ ಅದರಲ್ಲಿ, ನೋಡೋಕೆ ದೊಡ್ಡ ಡಬ್ಬ, ಮಕ್ಕಳು ಸೋಫಾ ಹಿಂದೆ ಅವಿತ್ಕೊಳ್ತಿದ್ದಿದ್ದು ಡಬ್ಬ ನೋಡಿ ಅಲ್ಲ, ಆ ಕರ್ಕಶ ದನಿಗೆ, ನಟರ ದನಿಯನ್ನ ರಿಂಗ್ ಮಾಡ್ಯುಲೇಟರ್ ಅನ್ನೋ ಉಪಕರಣದೊಳಗೆ ಹಾಯಿಸಿ ತೆಗೆದ ದನಿ. ಕಿವಿ ಅಂತ ನಾನು ಸುಮ್ನೆ ಹೇಳ್ತಿಲ್ಲ.

ಟೈಮ್ ಆಗ್ತಿದೆ ಅಂತ ಗಾಜಿನ ಆಚೆಯಿಂದ ತೋರಿಸ್ತಿದಾರೆ, ಬೇಗ ಹೇಳ್ತೀನಿ. 1966ರಲ್ಲಿ ಡಾಕ್ಟರ್ ಪಾತ್ರದ ವಿಲಿಯಂ ಹಾರ್ಟ್‌ನೆಲ್‌ಗೆ ಆರೋಗ್ಯ ಕೆಟ್ಟಿತು. ಸೀರಿಯಲ್ ನಿಲ್ಲಿಸೋ ಬದಲು ಡಾಕ್ಟರ್ ಸಾಯೋ ಹೊತ್ತಿಗೆ ಇಡೀ ಮೈಯೇ ಹೊಸದಾಗುತ್ತೆ ಅಂತ ಕಥೆ ಕಟ್ಟಿ ಪ್ಯಾಟ್ರಿಕ್ ಟ್ರೌಟನ್‌ನ ಕರ್ಕೊಂಡು ಬಂದ್ರು. ಎಲ್ಲರೂ ಇದನ್ನೇ ದೊಡ್ಡ ಉಪಾಯ ಅಂತಾರೆ, ನಿಜವೇ, ಆದ್ರೆ ಮುಖ ಬೇರೆ, ನಡಿಗೆ ಬೇರೆ, ಮಾತು ಬೇರೆ, ಜನ ಇದು ಅದೇ ಡಾಕ್ಟರು ಅಂತ ಹೇಗೆ ನಂಬಿದ್ರು? ಅದೇ ದುಂ ದದದುಂ, ಅದೇ ಕೀಲಿಕೈ ಸದ್ದು.

ಆ ಕಾಲದ ಎಷ್ಟೋ ಎಪಿಸೋಡ್‌ಗಳನ್ನ ಬಿಬಿಸಿಯವರು ಅಳಿಸಿಹಾಕಿದ್ರು, ಟೇಪು ದುಬಾರಿ, ಮತ್ತೆ ಬಳಸ್ಬೇಕು ಅಂತ. 2013ರಲ್ಲಿ ನೈಜೀರಿಯಾದಲ್ಲಿ ಒಂಬತ್ತು ಎಪಿಸೋಡ್ ಸಿಕ್ಕಿತು ಅಂತ ಸುದ್ದಿ ಆಯ್ತು, ಆದ್ರೂ ತೊಂಬತ್ತಕ್ಕೂ ಹೆಚ್ಚು ಎಪಿಸೋಡ್ ಇನ್ನೂ ಸಿಗದೇ ಉಳಿದಿವೆ. ಚಿತ್ರ ಹೋಯ್ತು. ಆದ್ರೆ ಕೇಳುಗರೇ, ದನಿ ಒಂದೂ ಹೋಗಿಲ್ಲ! ಆಗಿನ ಮಕ್ಕಳು ಮನೇಲಿ ಟಿವಿ ಸ್ಪೀಕರಿಗೆ ಮೈಕ್ ಹಿಡಿದು, ಯಾರೂ ಮಾತಾಡ್ಬೇಡಿ ಅಂತ ಮನೆಯವರ ಬಾಯಿ ಮುಚ್ಚಿಸಿ ಟೇಪ್ ಮಾಡ್ಕೊಂಡಿದ್ರು, ಹಾಗಾಗಿ ಪ್ರತಿಯೊಂದು ಎಪಿಸೋಡಿನ ಆಡಿಯೋ ಇದೆ. ಟ್ರೌಟನ್ ಬಂದ ಮೊದಲ ಕಥೆ, ಆರು ಎಪಿಸೋಡೂ ಅಳಿಸಿಹೋದದ್ದು, ಆ ಆಡಿಯೋಗೇ ಚಿತ್ರ ಬರೆದು 2016ರಲ್ಲಿ ಅನಿಮೇಷನ್ ಮಾಡಿದ್ರು.

ಬಣ್ಣ ಬಂದಿದ್ದು 1970ರಲ್ಲಿ, ಉದ್ದನೆ ಮಫ್ಲರಿನ ಟಾಮ್ ಬೇಕರ್ ಏಳು ವರ್ಷ ಡಾಕ್ಟರ್ ಆಗಿದ್ರು, 1989ರಲ್ಲಿ ಸೀರಿಯಲ್ ನಿಲ್ಲಿಸಿದ್ರು. ಟಿವಿಯಲ್ಲಿ 1996ರ ಒಂದು ಸಿನಿಮಾ ಬಿಟ್ರೆ ಹದಿನೈದು ವರ್ಷ ಹೆಚ್ಚೇನೂ ಇಲ್ಲ. ಆಗ ಬಿಗ್ ಫಿನಿಶ್ ಅನ್ನೋ ಕಂಪನಿ 1999ರಿಂದ ಹಳೇ ನಟರನ್ನೇ ಕೂರಿಸ್ಕೊಂಡು ಹೊಸ ಕಥೆಗಳನ್ನ ಮಾಡ್ತು, ಯಾವುದರಲ್ಲಿ? ಆಡಿಯೋದಲ್ಲಿ. ಮತ್ತೆ ಕಿವಿ.

2005ರಲ್ಲಿ ರಸೆಲ್ ಟಿ ಡೇವಿಸ್ ಅನ್ನೋ ಲೇಖಕರು ವೇಲ್ಸ್‌ನ ಕಾರ್ಡಿಫ್‌ನಿಂದ ಸೀರಿಯಲ್ಲನ್ನ ವಾಪಸ್ ತಂದ್ರು, ಗ್ರಾಫಿಕ್ಸು, ಆರ್ಕೆಸ್ಟ್ರಾ ಎಲ್ಲ ಹೊಸದು, ಆದ್ರೆ ಹೊಸ ಟೈಟಲ್ ಸಂಗೀತದ ಒಳಗೆ ಡೀಲಿಯಾ ಹೊಲಿದ ಆ ಹಳೇ ತುಂಡುಗಳನ್ನೇ ಇಟ್ರು. ಆಮೇಲೆ ಜೋಡಿ ವಿಟ್ಟೇಕರ್, ಮೊದಲ ಹೆಣ್ಣು ಡಾಕ್ಟರ್, ಆಮೇಲೆ ಶೂಟಿ ಗಾಟ್ವಾ, ಅವರ ಬಗ್ಗೆ ಹೇಳೋಕೆ ಇನ್ನೊಂದು ದಿನ ಬೇಕು.

ಡೀಲಿಯಾ 2001ರಲ್ಲಿ ತೀರ್ಕೊಂಡ್ರು. ಅವರ ಅಟ್ಟದಲ್ಲಿ 267 ಟೇಪು ಸಿಕ್ಕಿತು. 2013ರಲ್ಲಿ, ಐವತ್ತು ವರ್ಷ ತುಂಬಿದ ವಿಶೇಷ ಎಪಿಸೋಡಿನ ಕೊನೇಲಿ, ಮೊದಲ ಸಲ ಪರದೆ ಮೇಲೆ ಅವರ ಹೆಸರು ಬಂತು. 1963ರ ಮೂಲ ರೆಕಾರ್ಡಿಂಗ್ ಫೋನಲ್ಲೇ ಹುಡುಕಿದ್ರೆ ಸಿಗುತ್ತೆ, ಎರಡೂವರೆ ನಿಮಿಷನೂ ಇಲ್ಲ. ದಯವಿಟ್ಟು ವಿಡಿಯೋ ನೋಡ್ಬೇಡಿ, ಫೋನ್ ಮಗುಚಿ ಇಟ್ಟು ಕೇಳಿ. ನಮಸ್ಕಾರ.